ಎಣ್ಣೆಯಲ್ಲಿ ಮಾಯವಾದ ಬಿಳಿ

ಫೆಬ್ರವರಿ 9, 2025, ಭಾನುವಾರ

ಇವತ್ತು ಸುಮ್ನೆ ಕುತೂಹಲಕ್ಕೆ ಸೀಮೆಸುಣ್ಣ ಅರೆಯುತ್ತಾ ಕೂತಿದ್ದೆ. ನುಣ್ಣಗಾದ ಮೇಲೆ ಎರಡು ಪಾಲು ಮಾಡಿದೆ. ಒಂದಕ್ಕೆ ಗೋಂದಿನ ನೀರು, ಇನ್ನೊಂದಕ್ಕೆ ಅಗಸೆ ಎಣ್ಣೆ. ಕಪ್ಪು ರಟ್ಟಿನ ಮೇಲೆ ಎರಡನ್ನೂ ಪಕ್ಕಪಕ್ಕ ಬಳಿದೆ. ಗೋಂದಿನದು ಹಸಿಯಿದ್ದಾಗ ಮಂಕಾಗಿತ್ತು, ಒಣಗುತ್ತಾ ಬೆಳ್ಳಗಾಯಿತು. ಎಣ್ಣೆಯದು ಬರೀ ಹಳದಿ ಲೋಳೆ. ಕೆಳಗಿನ ಕಪ್ಪು ಹಾಗೇ ಕಾಣುತ್ತದೆ. ಇನ್ನೂ ಪುಡಿ ಸುರಿದೆ. ಗಟ್ಟಿಯಾಯಿತು, ಬಿಳಿಯಾಗಲಿಲ್ಲ.

ಕಣಗಳಲ್ಲಿ ಬೆಳಕು ಚದುರಿದರೇನೇ ಪುಡಿ ಬೆಳ್ಳಗೆ ಕಾಣುವುದು. ಚದುರಬೇಕಾದರೆ ಕಣಕ್ಕೂ ಅದರ ಸುತ್ತ ಇರುವುದಕ್ಕೂ ವಕ್ರೀಭವನ ಸೂಚ್ಯಂಕದಲ್ಲಿ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆಯಲ್ಲಿ, ವ್ಯತ್ಯಾಸ ಬೇಕು. ಸೀಮೆಸುಣ್ಣದ್ದು ಸುಮಾರು 1.6, ಎಣ್ಣೆಯದು 1.5, ಗಾಳಿಯದು 1. ಗೋಂದಿನ ನೀರು ಆರಿದಾಗ ಸಂದಿಗೊಂದಿಗೆ ಗಾಳಿ ಬರುತ್ತದೆ. ಎಣ್ಣೆ ಜಾಗ ಬಿಡುವುದೇ ಇಲ್ಲ.

ಸೀಸದಿಂದ ಮಾಡುವ ಬಣ್ಣ, ಸೀಸದ ಬಿಳಿ, ಅದರ ಸೂಚ್ಯಂಕ ಸುಮಾರು 2. ಎಣ್ಣೆಯಲ್ಲೂ ಬೆಳ್ಳಗೇ ಇರುತ್ತದೆ. ಯುರೋಪಿನ ತೈಲಚಿತ್ರಕಾರರು ಅದು ವಿಷ ಅಂತ ಗೊತ್ತಿದ್ದೂ ನೂರಾರು ವರ್ಷ ಬಿಡದೇ ಇದ್ದದ್ದು ಯಾಕೆ ಅಂತ ಈಗ ಅರ್ಥವಾಗುತ್ತದೆ. ಡಚ್ಚರು ಅದನ್ನು ಮಾಡುತ್ತಿದ್ದ ರೀತಿ ಕೇಳಿ: ಮಣ್ಣಿನ ಕುಡಿಕೆಯ ತಳದಲ್ಲಿ ವಿನೆಗರ್, ಅದಕ್ಕೆ ತಾಗದಂತೆ ಮೇಲೆ ಸೀಸದ ಸುರುಳಿ. ಇಂಥ ಕುಡಿಕೆಗಳನ್ನು ಸಾಲಾಗಿ ಜೋಡಿಸಿ ಸುತ್ತ ಕುದುರೆ ಲದ್ದಿ ತುಂಬಿ ಮುಚ್ಚಿಡುವುದು. ಲದ್ದಿ ಕೊಳೆಯುತ್ತಾ ಶಾಖವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಕೊಡುತ್ತದೆ. ಹುಳಿಯ ಹಬೆ ಸೀಸವನ್ನು ತಿನ್ನುತ್ತದೆ. ಸುಮಾರು ಮೂರು ತಿಂಗಳಾದ ಮೇಲೆ ತೆಗೆದರೆ ಸುರುಳಿಯ ಮೇಲೆ ಹಕ್ಕಳೆ ಹಕ್ಕಳೆಯಾಗಿ ಬಿಳಿ! ಅದನ್ನು ಕೆರೆದು, ತೊಳೆದು, ಅರೆಯುತ್ತಿದ್ದ ಕೂಲಿಗಳಿಗೆ ಹೊಟ್ಟೆನುಲಿತ, ಕೈ ಜೋಲುಬೀಳುವುದು. ಮನೆಯ ಒಳಗೋಡೆಗೆ ಸೀಸದ ಬಿಳಿ ಬಳಿಯುವುದಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಬಂದದ್ದು 1921ರಲ್ಲಿ. ಅಷ್ಟು ತಡವಾಗಿ.

ನಡುವೆ ಸತುವಿನ ಬಿಳಿ ಬಂತು. ವಿಷ ಕಡಿಮೆ, ಗಂಧಕದ ಹೊಗೆಗೆ ಕಪ್ಪಾಗುವುದಿಲ್ಲ. ಆದರೆ ಎಣ್ಣೆಯಲ್ಲಿ ವರ್ಷಗಳು ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತದೆ. ನನ್ನದೇ ಒಂದು ಹಳೆಯ ಚಿತ್ರದ ಮೋಡ ಈಗ ಒಣಗಿದ ಕೆರೆಯಂಗಳ. ನನಗೆ ಅದರ ಮೇಲೆ ಪ್ರೀತಿ ಇಲ್ಲ.

ಟೈಟಾನಿಯಂ ಬಿಳಿ ಮೊದಲ ಮಹಾಯುದ್ಧದ ಹೊತ್ತಿನದು. ಸೂಚ್ಯಂಕ 2.7ರವರೆಗೂ ಹೋಗುತ್ತದೆ, ಏನನ್ನು ಬೇಕಾದರೂ ಮುಚ್ಚುತ್ತದೆ, ಜರ್ಮನಿಯ ನಕಲಿ ಚಿತ್ರಗಾರ ವುಲ್ಫ್‌ಗಾಂಗ್ ಬೆಲ್ಟ್ರಾಕಿಯ ಮೋಸವನ್ನು ಬಿಟ್ಟು. 1914ರದ್ದು ಅಂತ ಅವನು ಮಾರಿದ ಚಿತ್ರದಲ್ಲಿ, ಆ ವರ್ಷ ಚಿತ್ರಕಾರರಿಗೆ ಇನ್ನೂ ಸಿಗದಿದ್ದ ಈ ಬಿಳಿ ಸಿಕ್ಕಿತು. ಅವನು ಬಳಸಿದ್ದು ಸತುವಿನ ಬಿಳಿಯ ಟ್ಯೂಬ್ ಅಂತೆ. ಒಳಗೆ ಟೈಟಾನಿಯಂ ಬೆರೆಸಿದ್ದರು, ಮೇಲೆ ಬರೆದಿರಲಿಲ್ಲ. 2011ರಲ್ಲಿ ಆರು ವರ್ಷ ಶಿಕ್ಷೆ ಆಯಿತು. ಟ್ಯೂಬ್‌ನವರು ಅವನಿಗೇ ಮೋಸ ಮಾಡಿದ್ದರು, ಅಲ್ವಾ?

ಈಗ ರಾತ್ರಿ ಹತ್ತು ಗಂಟೆ. ಗೋಂದಿನ ಪಟ್ಟಿ ಬೆರಳಿಗೆ ಪುಡಿ ಹತ್ತುವಷ್ಟು ಒಣಗಿದೆ. ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ನೋಡಿದೆ. ಹನಿ ಹರಡಿದಷ್ಟು ಅಗಲಕ್ಕೂ ಕಪ್ಪು ಎದ್ದು ಬಂತು.