ಎಣ್ಣೆ ಗಟ್ಟಿಯಾದ ದಿನ

ಬೆಳಿಗ್ಗೆ ಏಳು ಗಂಟೆ ಇರಬೇಕು. ಒಲೆ ಮೇಲೆ ಹಾಲಿಟ್ಟಿದ್ದೆ. ಫೋನ್ ಬಂತು.

"ಮೇಡಂ, ನಿಮ್ಮ ಎಣ್ಣೆ ಹಾಳಾಗಿದೆ. ಬೆಳ್ಳಗೆ ಮೇಣದ ಥರ ಆಗಿಬಿಟ್ಟಿದೆ. ಏನು ಬೆರೆಸಿದ್ದೀರ ಇದಕ್ಕೆ?"

ಮಲ್ಲೇಶ್ವರದಿಂದ ಒಬ್ಬ ತಾಯಿ. ದನಿಯಲ್ಲಿ ಕೋಪಕ್ಕಿಂತ ಗಾಬರಿ ಜಾಸ್ತಿ ಇತ್ತು. ಎಂಟು ತಿಂಗಳ ಮಗುವಿನ ಮೈಗೆ ಹಚ್ಚೋಕೆ ಅಂತ ನಮ್ಮ ಕೊಬ್ಬರಿ ಎಣ್ಣೆ ತರಿಸಿದ್ದರು. ಹಿಂದಿನ ದಿನವೂ ಹಚ್ಚಿದ್ದರಂತೆ. ಮಗುವಿಗೆ ಏನಾದರೂ ಆದರೆ ಅನ್ನೋದು ಅವರ ಭಯ.

"ಏನೂ ಬೆರೆಸಿಲ್ಲಮ್ಮ, ಚಳಿಗೆ ಹಾಗಾಗುತ್ತೆ" ಅಂದೆ. "ಎಣ್ಣೆ ಯಾಕೆ ಗಟ್ಟಿಯಾಗುತ್ತೆ? ನಮ್ಮನೆ ಕಡಲೆಕಾಯಿ ಎಣ್ಣೆ ಪಕ್ಕದಲ್ಲೇ ಇದೆ, ಅದು ಚೆನ್ನಾಗೇ ಇದೆಯಲ್ಲ" ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಹಾಲು ಉಕ್ಕಿತು.

ಅದು 2023ರ ಡಿಸೆಂಬರ್. ಹತ್ತು ಗಂಟೆಯೊಳಗೆ ಇನ್ನೂ ಹನ್ನೊಂದು ಫೋನ್ ಬಂದವು. ಎಲ್ಲರದ್ದೂ ಒಂದೇ ಮಾತು. ಒಬ್ಬರು ಡಾಲ್ಡಾ ಅಂದರು, ಒಬ್ಬರು ಮೇಣ ಅಂದರು. ಒಬ್ಬ ಹಿರಿಯರು ಮಾತ್ರ ಸಮಾಧಾನವಾಗಿ, "ದುಡ್ಡು ವಾಪಸ್ ಬೇಡಮ್ಮ, ನಿಜ ಹೇಳಿಬಿಡು" ಅಂದರು. ಬೈದವರ ಮಾತು ಮರೆತಿದ್ದೇನೆ. ಇವರ ಮಾತು ಇವತ್ತಿಗೂ ಮರೆತಿಲ್ಲ.

ನಮ್ಮದು ತಿಪಟೂರು ಸೀಮೆ. ಇಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತೆ. ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಅನ್ನಬೇಕು, ಆಗ ಸುಲಿಯೋದು. ಇಷ್ಟು ಕಾದು ಮಾಡಿದ ಉಂಡೆ ಕೊಬ್ಬರಿಗೆ ಆ ವರ್ಷ ಬೆಲೆಯೇ ಇರಲಿಲ್ಲ. ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗುತ್ತಿತ್ತು. ನಮ್ಮ ಯಜಮಾನರು ಮಾರಿ ಬಂದ ದಿನ ಊಟಕ್ಕೂ ಕೂರುತ್ತಿರಲಿಲ್ಲ. ಕೊನೆಗೆ ಕೊಬ್ಬರಿ ಮಾರೋದರ ಬದಲು ಎಣ್ಣೆ ಮಾಡಿ ಮಾರೋಣ ಅಂತ ಸಾಲ ಮಾಡಿ ಒಂದು ಮೋಟರ್ ಗಾಣ ಹಾಕಿಸಿದೆವು. ಮರದ ಗಾಣವೇ, ಎತ್ತಿನ ಬದಲು ಮೋಟರ್ ಅಷ್ಟೆ. ಹತ್ತು ಕೆಜಿ ಕೊಬ್ಬರಿ ಹಾಕಿದರೆ ಆರು ಲೀಟರ್ ಆಸುಪಾಸು ಎಣ್ಣೆ ಬರುತ್ತೆ. ಹಿಂಡಿ ಹಸುಗಳಿಗೆ.

ಎಣ್ಣೆ ಮಾಡೋದು ಗೊತ್ತಿತ್ತು, ಮಾರೋದು ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಜಾಹೀರಾತು ಮಾಡಿಕೊಡುವ ಒಂದು ಹುಡುಗರ ತಂಡ ಸಿಕ್ಕಿತು. 35 ಸಾವಿರ ಕೊಟ್ಟೆವು. ನಮ್ಮ ಪಾಲಿಗೆ ಅದು ದೊಡ್ಡ ದುಡ್ಡು. ಉದ್ದ ಕತ್ತಿನ ಗಾಜಿನ ಬಾಟಲಿ, ಕಂದು ಬಣ್ಣದ ಲೇಬಲ್, ಅದರ ಮೇಲೆ ಇಂಗ್ಲಿಷಿನಲ್ಲಿ ಪ್ಯೂರ್, ನ್ಯಾಚುರಲ್, ಕೊಲೆಸ್ಟ್ರಾಲ್ ಫ್ರೀ. ತೋಟದಲ್ಲಿ ಫೋಟೊ ತೆಗೆದರು, ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಹುಡುಗರು ಕೆಲಸ ಚೆನ್ನಾಗಿಯೇ ಮಾಡಿದರು. ಎರಡೇ ತಿಂಗಳಲ್ಲಿ ಬೆಂಗಳೂರಿಗೇ ನೂರೈವತ್ತಕ್ಕಿಂತ ಜಾಸ್ತಿ ಬಾಟಲಿ ಹೋದವು. ಆದರೆ ಆ ಲೇಬಲ್ ಮೇಲೆ, ಆ ಫೋಟೊಗಳ ಕೆಳಗೆ, ಚಳಿಗಾಲದಲ್ಲಿ ಎಣ್ಣೆ ಏನಾಗುತ್ತೆ ಅಂತ ಒಂದು ಸಾಲೂ ಇರಲಿಲ್ಲ. ಇರೋದಾದರೂ ಹೇಗೆ? ಆ ಹುಡುಗರಿಗೆ ನಾವೇ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಡಿಸೆಂಬರ್ ಬಂದರೆ ಎಣ್ಣೆ ಡ್ರಮ್ಮನ್ನು ಅಂಗಳಕ್ಕೆ ತಂದು ಬಿಸಿಲಿಗೆ ಇಡುತ್ತೇವೆ. ಹುಟ್ಟಿದಾಗಿಂದ ನೋಡಿದ್ದು. ಇದನ್ನು ಯಾರಿಗಾದರೂ ಹೇಳಬೇಕು ಅಂತ ತಲೆಗೇ ಬಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ತಂಡದ ಹುಡುಗನಿಗೆ ಫೋನ್ ಮಾಡಿದೆ. ಅವನು ಒಂದು ಮೆಸೇಜ್ ಬರೆದುಕೊಟ್ಟ. ನಾನು ಓದಿಯೂ ನೋಡದೆ ಎಲ್ಲರಿಗೂ ಕಳಿಸಿದೆ. ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಫ್ಯಾಟಿ ಆಸಿಡ್ ಅಧಿಕ ಪ್ರಮಾಣದಲ್ಲಿ ಇರುವುದರಿಂದ 24 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಘನರೂಪ ತಾಳುವುದು ಸ್ವಾಭಾವಿಕ ಪ್ರಕ್ರಿಯೆ, ಅಂತ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹತ್ತು ನಿಮಿಷಕ್ಕೆ ಒಬ್ಬರ ಉತ್ತರ ಬಂತು: "ಎಣ್ಣೆಗೆ ಆಸಿಡ್ ಹಾಕಿದ್ದೀರಾ?"

ಅವರು ತಮಾಷೆಗೆ ಕೇಳಿದ್ದಲ್ಲ. ನಾನು ಅಡುಗೆಮನೆ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ.

ಅತ್ತೆ ಹೊರಗಿನಿಂದ ಬಂದರು. ಏನಾಯ್ತು ಅಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಗೂಡಿನಲ್ಲಿದ್ದ ತುಪ್ಪದ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಮುಚ್ಚಳ ತೆಗೆದರು. ತುಪ್ಪ ಮರಳು ಮರಳಾಗಿ ಗಟ್ಟಿಯಾಗಿತ್ತು.

"ಇದನ್ನ ನೋಡಿ ಯಾರಾದ್ರೂ ಹಾಳಾಗಿದೆ ಅಂತಾರೇನಮ್ಮ? ಬಿಸಿ ಮಾಡಿ ಹಾಕ್ಕೋತಾರೆ. ಎಣ್ಣೇನೂ ಹಂಗೇ ಅಂತ ಹೇಳು. ಅಷ್ಟುದ್ದ ಯಾಕೆ ಬರೆದೆ?"

ನಾನು ಹೊಸದಾಗಿ ಬರೆದೆ. ಇಷ್ಟೇ ಬರೆದೆ: "ಚಳಿಗೆ ತುಪ್ಪ ಗಟ್ಟಿಯಾಗೋ ಹಾಗೆ ಕೊಬ್ಬರಿ ಎಣ್ಣೆಯೂ ಗಟ್ಟಿಯಾಗುತ್ತೆ. ಹಾಳಾಗಿಲ್ಲ. ಬಾಟಲಿಯನ್ನು ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ಇಡಿ, ಕರಗುತ್ತೆ. ಇದನ್ನು ನಾವು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತು. ಆದರೂ ಬೇಡ ಅನಿಸಿದರೆ ವಾಪಸ್ ಕಳಿಸಿ, ದುಡ್ಡು ಕೊಡುತ್ತೇವೆ." ಕೆಳಗೆ ನಮ್ಮ ಮನೆಯ ತುಪ್ಪದ ಡಬ್ಬಿ, ಎಣ್ಣೆ ಬಾಟಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೆಗೆದ ಫೋಟೊ.

ಮಲ್ಲೇಶ್ವರದ ತಾಯಿಗೆ ಮೆಸೇಜ್ ಸಾಲದು ಅನಿಸಿತು. ಫೋನ್ ಮಾಡಿದೆ. "ನಾನು ಲೈನಲ್ಲೇ ಇರ್ತೀನಿ, ಒಂದು ಪಾತ್ರೆಯಲ್ಲಿ ಬೆಚ್ಚನೆ ನೀರು ಹಾಕಿ ಬಾಟಲಿ ಇಡಿ" ಅಂದೆ. ಇಟ್ಟರು. ಇಬ್ಬರೂ ಕಾದೆವು. ಮಗು ಅಳುತ್ತಿದ್ದದ್ದು ಕೇಳಿಸುತ್ತಿತ್ತು. ಹೆಸರೇನು, ಹಲ್ಲು ಬಂತಾ ಅಂತೆಲ್ಲ ಕೇಳಿದೆ. ಸ್ವಲ್ಪ ಹೊತ್ತಿಗೆ, "ಅಂಚಿನಲ್ಲಿ ಬಿಟ್ಟುಕೊಳ್ತಾ ಇದೆ ಮೇಡಂ" ಅಂದರು. ಆಮೇಲೆ, "ಮಧ್ಯದ ಗಡ್ಡೆ ಅಲ್ಲಾಡ್ತಾ ಇದೆ." ಆಮೇಲೆ, "ಹೂಂ. ತಿಳಿಯಾಯ್ತು. ಮೊದಲಿನ ಹಾಗೇ ವಾಸನೆ ಬರ್ತಿದೆ." ಆ ಮೂರು ಮಾತು ಕೇಳೋಕೆ ನಾನು 35 ಸಾವಿರ ಕೊಡಬೇಕಿರಲಿಲ್ಲ.

ಸಂಜೆಯೊಳಗೆ ಇನ್ನೂ ಎರಡು ವಿಷಯ ತಿಳಿದವು. ಜಯನಗರದ ಒಬ್ಬರು ಬಾಟಲಿಯನ್ನು ಕುದಿಯೋ ನೀರಿಗೆ ಇಟ್ಟು ಗಾಜು ಸೀಳಿತ್ತು. ನಾನು ಬೆಚ್ಚನೆ ಅಂತ ಬರೆದಿದ್ದೆ, ಕುದಿಯೋ ನೀರು ಬೇಡ ಅಂತ ಬರೆದಿರಲಿಲ್ಲ. ಅವರಿಗೆ ಬೇರೆ ಬಾಟಲಿ ಕಳಿಸಿದೆವು, ಮೆಸೇಜಿಗೆ ಆ ಸಾಲು ಸೇರಿಸಿದೆ. ಇನ್ನೊಬ್ಬರು ಆ ಉದ್ದ ಕತ್ತಿನ ಬಾಟಲಿಯೊಳಗೆ ಚಮಚದ ಹಿಡಿ ತೂರಿಸಿ ಎಣ್ಣೆ ಕೆರೆದು ತೆಗೆಯುತ್ತಿದ್ದರಂತೆ. ಗಟ್ಟಿಯಾಗೋ ಎಣ್ಣೆಯನ್ನು ಸಣ್ಣ ಬಾಯಿಯ ಬಾಟಲಿಗೆ ತುಂಬಿದ್ದೇ ತಪ್ಪು. ಫೋಟೊದಲ್ಲಿ ಅದು ಚೆಂದ ಕಾಣುತ್ತಿತ್ತು. ಡಿಸೆಂಬರ್ ತಿಂಗಳ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳೋ ಅಜ್ಜಿಗೆ ಅದರಿಂದ ಏನು ಉಪಯೋಗ?

ರಾತ್ರಿ ಆ ಹುಡುಗ ಮತ್ತೆ ಫೋನ್ ಮಾಡಿದ. ಉತ್ಸಾಹದಲ್ಲಿದ್ದ. "ಅಕ್ಕಾ, ಇದನ್ನೇ ನಮ್ಮ ಪ್ಲಸ್ ಪಾಯಿಂಟ್ ಮಾಡೋಣ. 'ಗಟ್ಟಿಯಾದರೆ ಅಪ್ಪಟ' ಅಂತ ಹಾಕೋಣ. ಜನ ಹಂಚಿಕೊಳ್ತಾರೆ." ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳೋದಿಲ್ಲ. ಸಾಲು ಚೆನ್ನಾಗಿತ್ತು. ಆದರೆ ತಾಳೆ ಎಣ್ಣೆಯೂ ಚಳಿಗೆ ಗಟ್ಟಿಯಾಗುತ್ತೆ. ಅದನ್ನು ಬೆರೆಸಿ ಮಾರುವವರ ಎಣ್ಣೆಯೂ ಗಟ್ಟಿಯಾಗಬಹುದು. ನಮ್ಮ ಮಾತು ನಂಬಿ ಜನ ಆ ಎಣ್ಣೆಯನ್ನೂ ಅಪ್ಪಟ ಅಂದುಕೊಂಡರೆ? ಬೇಡ ಅಂದೆ. ಅವನಿಗೆ ಬೇಜಾರಾಯಿತು. ಆ ಮಾತಿನ ಮೇಲೇ 'ಕೊಲೆಸ್ಟ್ರಾಲ್ ಫ್ರೀ' ಅನ್ನೋದನ್ನೂ ತೆಗೆಸು ಅಂದೆ. ಗಿಡಮರದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರೋದಿಲ್ಲ. ನಮ್ಮದರಲ್ಲಿ ಮಾತ್ರ ಇಲ್ಲ ಅನ್ನೋ ಥರ ದೊಡ್ಡ ಅಕ್ಷರದಲ್ಲಿ ಬರೆದರೆ, ಓದಿದವರು ಇದು ಹೃದಯಕ್ಕೆ ಒಳ್ಳೇದು ಅಂದುಕೊಂಡು ಜಾಸ್ತಿ ಬಳಸುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ಗಟ್ಟಿಕೊಬ್ಬು, ಅಂದರೆ ಅವನ ಮೆಸೇಜಿನಲ್ಲಿದ್ದ ಆ ಸ್ಯಾಚುರೇಟೆಡ್ ಫ್ಯಾಟ್, ಬಹಳ ಇದೆ. ಅದಕ್ಕೇ ತಾನೇ ಅದು ಗಟ್ಟಿಯಾಗೋದು?

ಮುಂದಿನ ತಿಂಗಳು ಜಾಹೀರಾತು ನಿಲ್ಲಿಸಿದೆವು. ಆ ದುಡ್ಡಲ್ಲಿ ಅಗಲ ಬಾಯಿಯ ಡಬ್ಬಿ ತರಿಸಿದೆವು, ಲೇಬಲ್ಲನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾಡಿಸಿದೆವು. ಜೊತೆಗೆ ಅಂಗೈ ಅಗಲದ ಒಂದು ಚೀಟಿ. ಅದನ್ನು ಬರೆಯೋಕೆ ನನಗೆ ಮೂರು ವಾರ ಹಿಡಿಯಿತು. ಒಂದೊಂದು ಸಾಲು ಬರೆದಾಗಲೂ ಅತ್ತೆಗೆ ಓದಿ ಹೇಳುತ್ತಿದ್ದೆ. ಅವರು "ಹಂಗಂದ್ರೆ?" ಅಂದರೆ ಆ ಸಾಲು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೆ.

ತಳದಲ್ಲಿ ಸ್ವಲ್ಪ ಗಸಿ ಕಂಡರೆ ಅದು ಕೊಬ್ಬರಿಯದೇ ಪುಡಿ, ಬಟ್ಟೆಯಲ್ಲಿ ಸೋಸಿದರೂ ಸ್ವಲ್ಪ ಉಳಿಯುತ್ತೆ, ಅನ್ನೋದು ಒಂದು ಸಾಲು. ಒದ್ದೆ ಚಮಚ ಹಾಕಬೇಡಿ, ನೀರು ತಾಗಿದರೆ ಕಮಟು ಬರುತ್ತೆ, ಅನ್ನೋದು ಇನ್ನೊಂದು. ತೂಕದ ಸಾಲು ಆಮೇಲೆ ಸೇರಿದ್ದು. ಒಬ್ಬರು ಡಬ್ಬಿಯನ್ನು ತಕ್ಕಡಿಗೆ ಹಾಕಿ, ಡಬ್ಬಿಯ ತೂಕ ಕಳೆದು, "ಒಂದು ಲೀಟರ್ ಅಂತೀರಿ, 920 ಗ್ರಾಂ ಮಾತ್ರ ಇದೆ" ಅಂದಿದ್ದರು. ಅವರ ಲೆಕ್ಕ ಸರಿ. ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ತೇಲೋದು. ಒಂದು ಲೀಟರ್ ಕೊಬ್ಬರಿ ಎಣ್ಣೆ ಒಂದು ಕೆಜಿ ತೂಗೋದಿಲ್ಲ. ಈಗ ಲೇಬಲ್ ಮೇಲೆ ಲೀಟರ್ ಪಕ್ಕದಲ್ಲೇ ಗ್ರಾಂ ಕೂಡ ಹಾಕುತ್ತೇವೆ. ಕೇಳಿದವರು ಬೈಯಲಿಲ್ಲ, ಅಳೆದು ಕೇಳಿದರು. ಅಂಥ ಗಿರಾಕಿ ಸಿಗೋದು ನಮ್ಮ ಪುಣ್ಯ ಅಂತಲೇ ನಾನು ನಂಬಿದ್ದೇನೆ.

2025ರಲ್ಲಿ ಎಲ್ಲ ತಿರುಗಾಮುರುಗಾ ಆಯಿತು. ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಾಲ್‌ಗೆ 20 ಸಾವಿರ ದಾಟಿ ಇನ್ನೂ ಮೇಲೆ ಹೋಯಿತು. ಬೆಳೆಗಾರರಾಗಿ ನಮಗೆ ಖುಷಿ. ಆದರೆ ಮನೆ ತೋಟದ ಕೊಬ್ಬರಿ ಗಾಣಕ್ಕೆ ಸಾಲುತ್ತಿರಲಿಲ್ಲ, ಹೊರಗಿನಿಂದಲೂ ಕೊಳ್ಳುತ್ತಿದ್ದೆವು. ಹಳೇ ಬೆಲೆಗೆ ಮಾರಿದರೆ ಕೈಯಿಂದ ಹೋಗುತ್ತಿತ್ತು. ಕೆಲವರು, ಬೆಲೆ ಹಾಗೇ ಇರಲಿ, ಡಬ್ಬಿ ಚಿಕ್ಕದು ಮಾಡಿ, ಯಾರಿಗೂ ಗೊತ್ತಾಗಲ್ಲ ಅಂದರು. ಅತ್ತೆಗೆ ಹೇಳಿದೆ. ಅವರು ತಲೆ ಎತ್ತಲೂ ಇಲ್ಲ.

ನಾನು ಹಳೇ ಗಿರಾಕಿಗಳಿಗೆ ಬರೆದೆ. ಹೋದ ವರ್ಷ ಕೊಬ್ಬರಿಗೆ ಇಷ್ಟು ಕೊಟ್ಟಿದ್ದೆವು, ಈಗ ಇಷ್ಟು. ಒಂದು ಲೀಟರಿಗೆ ಒಂದೂಮುಕ್ಕಾಲು ಕೆಜಿ ಹತ್ತಿರ ಕೊಬ್ಬರಿ ಬೇಕು. ಗಾಣ, ಡಬ್ಬಿ, ಪಾರ್ಸೆಲ್ ಇಷ್ಟು. ಆದ್ದರಿಂದ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹೊಸ ಬೆಲೆ ಇದು. ಕೊಬ್ಬರಿ ಇಳಿದರೆ ನಾವೂ ಇಳಿಸುತ್ತೇವೆ.

ಸುಮಾರು ಮೂವತ್ತು ಜನ ಬಿಟ್ಟರು. ಅದು ನೋವೇ. ಮಲ್ಲೇಶ್ವರದ ತಾಯಿ ಫೋನ್ ಮಾಡಿದ್ದರು. "ಮೇಡಂ, ತಿಂಗಳಿಗೆ ಎರಡು ಲೀಟರ್ ತಗೋತಿದ್ದೆ, ಇನ್ಮೇಲೆ ಒಂದು ಸಾಕು. ಅಡುಗೆಗೆ ಬೇರೆ ತಗೋತೀನಿ, ಮಗು ತಲೆಗೆ ಮಾತ್ರ ನಿಮ್ದು" ಅಂದರು. ಆಗಲಮ್ಮ ಅಂದೆ. ಮಗು ಹೇಗಿದೆ ಅಂದೆ. ಓಡಾಡ್ತಾಳೆ, ಅಂಗನವಾಡಿಗೆ ಕಳಿಸಬೇಕು ಅಂದರು. ಆ ಪಾರ್ಸೆಲ್ಲಿಗೂ ಚೀಟಿ ಇಟ್ಟೇ ಕಟ್ಟಿದೆ. ಅವರಿಗೆ ಅದು ಬಾಯಿಪಾಠ ಆಗಿದೆ ಅಂತ ಗೊತ್ತು, ಆದರೂ ಇಟ್ಟೆ.