ಮೋಡ ಹೋದರೂ ಮುನಿಸು ಬಿಡದ ಪವರ್ ಬ್ಯಾಂಕ್

ಬಂತು! ಮೋಡ ಅಡ್ಡ ಬಂದಾಗ ಸೋಲಾರ್ ಪ್ಯಾನೆಲ್‌ನಿಂದ ಬರುವ ಕರೆಂಟ್ ಇಳಿಯಿತು, ಮೋಡ ಸರಿದಾಗ ಯಾರೂ ಮುಟ್ಟದೆ ತಾನೇ ಏರಿತು. ಇದರಲ್ಲಿ ಏನು ದೊಡ್ಡ ವಿಷಯ ಅಂತ ಕೇಳುವವರು ಮಡಚುವ ಸೋಲಾರ್ ಪ್ಯಾನೆಲ್ ಇಟ್ಟುಕೊಂಡು ಪವರ್ ಬ್ಯಾಂಕ್ ತುಂಬಿಸಲು ಹೋಗಿಲ್ಲ ಅಂತ ಅರ್ಥ. ನನಗೆ ಇದಕ್ಕೆ ಮೂರು ವಾರ ಹಿಡಿಯಿತು.

ಪ್ಯಾನೆಲ್ ಹೇಗೆ ಆರಿಸಿದೆ, ಕೇಬಲ್ ಎಷ್ಟು ದಪ್ಪ ಇರಬೇಕು, ಇವೆಲ್ಲ ಇಲ್ಲಿ ಬೇಡ. ನಾಲ್ಕು ಮಡಿಕೆಯ ಪ್ಯಾನೆಲ್, ಹಿಂದೆ ಒಂದು ಬಟ್ಟೆಯ ಜೇಬು, ಜೇಬಿನೊಳಗೆ ಎರಡು ಯುಎಸ್‌ಬಿ ಪೋರ್ಟ್. ಮೇಲೆ 28 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಅಚ್ಚು. ಆ 28 ಎಲ್ಲಿಂದ ಬಂತೋ ಅಚ್ಚು ಹಾಕಿದವನಿಗೇ ಗೊತ್ತು. ಒಳ್ಳೆ ಬಿಸಿಲಲ್ಲಿ ಪೋರ್ಟ್‌ನಿಂದ ನನಗೆ ಸಿಕ್ಕಿದ್ದು 5 ವೋಲ್ಟ್, 1.9 ಆಂಪ್. ಅಂದರೆ ಒಂಬತ್ತೂವರೆ ವ್ಯಾಟ್. ಪರವಾಗಿಲ್ಲ, ಅಷ್ಟು ಬಂದರೂ 10,000 ಎಂಎಎಚ್‌ನ ಬ್ಯಾಂಕ್ ಐದು ತಾಸಿನ ಬಿಸಿಲಲ್ಲಿ ತುಂಬಬೇಕು. ಒಳಗಿನ ಸೆಲ್ 3.7 ವೋಲ್ಟ್ ಲೆಕ್ಕದಲ್ಲಿ ಅದು 37 ವ್ಯಾಟ್ ಅವರ್ ಮಾತ್ರ.

ತುಂಬಲಿಲ್ಲ.

ಜಾಗ ನಮ್ಮ ಊರಿನ ಮನೆ, ತೀರ್ಥಹಳ್ಳಿ ಕಡೆ. ಕಾಲ ಡಿಸೆಂಬರ್, ಅಡಿಕೆ ಕೊಯ್ಲು ಜೋರು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿದೆ. ಅದರ ಒಂದು ಮೂಲೆಯಲ್ಲಿ ನನ್ನ ಪ್ಯಾನೆಲ್, ಗೋಣಿಚೀಲಕ್ಕೆ ಒರಗಿಸಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದ್ದು. (ಡಿಸೆಂಬರ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಸುಮ್ನೆ ನೆಲಕ್ಕೆ ಹಾಸಿದರೆ ಐದರಲ್ಲಿ ಒಂದು ಪಾಲು ಹೋಯಿತು.) ಬೆಳಿಗ್ಗೆ ಹತ್ತಕ್ಕೆ ಬ್ಯಾಂಕ್ ಸಿಕ್ಕಿಸಿ ಮೀಟರ್ ನೋಡುತ್ತೇನೆ, 1.9 ಆಂಪ್. ಖುಷಿಯಾಗಿ ಒಳಗೆ ಹೋಗುತ್ತೇನೆ. ಸಂಜೆ ಬಂದು ನೋಡಿದರೆ ನಾಲ್ಕು ದೀಪದಲ್ಲಿ ಒಂದೇ ಹತ್ತಿರುತ್ತದೆ. ಒಂದು ದಿನವಂತೂ ಇಡೀ ದಿನಕ್ಕೆ ಮೀಟರ್ ತೋರಿಸಿದ್ದು 9 ವ್ಯಾಟ್ ಅವರ್. ಅಷ್ಟು ಕರೆಂಟಿಗೆ ಕೈಯಿಂದ ತಿರುಗಿಸುವ ಡೈನಮೋ ಸಾಕಿತ್ತು.

ಮೊದಲು ಕೇಬಲ್ ಮೇಲೆ ಅನುಮಾನ. ನಾಲ್ಕು ಕೇಬಲ್ ಬದಲಾಯಿಸಿದೆ. ಆಮೇಲೆ ಅಡಿಕೆ ಸೋಗೆಯ ನೆರಳಿನ ಮೇಲೆ. ಸೆಲ್‌ಗಳು ಸರಣಿಯಲ್ಲಿ ಇರುವುದರಿಂದ ಒಂದು ಸೋಗೆಯ ಎಳೆ ನೆರಳು ಬಿದ್ದರೂ ಆ ಸಾಲೇ ಮಂಕಾಗುತ್ತದೆ, ನಿಜ. ಪ್ಯಾನೆಲ್ ಎತ್ತಿಕೊಂಡು ಅಂಗಳದ ನಟ್ಟನಡುವೆ ಇಟ್ಟೆ. ಅದೇ ಕಥೆ. ಆಮೇಲೆ ಬ್ಯಾಂಕ್ ಬಿಸಿಯಾಗಿ ಮುಷ್ಕರ ಹೂಡಿದೆ ಅಂದುಕೊಂಡು ಅದನ್ನು ಉದ್ದ ಕೇಬಲ್ ಹಾಕಿ ಜಗಲಿಯ ನೆರಳಲ್ಲಿ ಇಟ್ಟೆ. ಇದು ಹೇಗೂ ಮಾಡಬೇಕಾದ ಕೆಲಸವೇ, ಪ್ಯಾನೆಲ್ ಹಿಂದಿನ ಜೇಬಿನಲ್ಲಿ ಲಿಥಿಯಂ ಬ್ಯಾಟರಿ ಬೇಯಿಸುವವರಿಗೆ ಕೈ ಮುಗಿಯಬೇಕು. ಆದರೆ ಅದರಿಂದಲೂ ಏನೂ ಬದಲಾಗಲಿಲ್ಲ.

ಗುಟ್ಟು ಬಿಚ್ಚಿದ್ದು ಅಮ್ಮ. ಬೇಕಂತಲ್ಲ.

"ಅಡಿಕೆ ಹರಡೋಕೆ ಜಾಗ ಇಲ್ಲ ಮಾರಾಯ, ಮಧ್ಯದಲ್ಲಿ ನಿಂದೊಂದು ಚೀಲ" ಅಂತ ಬೈದುಕೊಂಡು ಅವತ್ತು ಅವರು ಪ್ಯಾನೆಲ್ ಅನ್ನು ಮೂರು ಸಲ ಅಲ್ಲಿಂದಿಲ್ಲಿಗೆ ಸರಿಸಿದ್ದರು. ಸರಿಸುವಾಗೆಲ್ಲ ವೈರ್ ಕಿತ್ತು, ಮತ್ತೆ ಚುಚ್ಚಿದ್ದರು. ಸಂಜೆ ಬ್ಯಾಂಕ್‌ನಲ್ಲಿ ಮೂರು ದೀಪ!

ಮರುದಿನ ಒಂದು ಮಣೆ ಹಾಕಿಕೊಂಡು ಮೀಟರ್ ಮುಂದೆಯೇ ಕೂತೆ. ಈ ವರ್ಷ ಡಿಸೆಂಬರ್‌ನಲ್ಲೂ ಬಿಡದೆ ಮೋಡ, ಅಡಿಕೆಗೆ ಶಾಪ, ನನಗೆ ಅನುಕೂಲ. ಒಂದು ಮೋಡ ಬಂತು. 1.9 ಇದ್ದದ್ದು 1.2, 0.6, 0.3. ಮೋಡ ಹೋಯಿತು, ಕಣ್ಣು ಕುಕ್ಕುವ ಬಿಸಿಲು. ಮೀಟರ್‌ನಲ್ಲಿ 0.3. ಐದು ನಿಮಿಷ, ಹತ್ತು ನಿಮಿಷ, 0.3. ವೈರ್ ಕಿತ್ತು ಚುಚ್ಚಿದೆ. ಟಕ್ ಅಂತ 1.9.

ಪವರ್ ಬ್ಯಾಂಕ್‌ನ ಒಳಗಿರುವ ಚಿಪ್ ಗೋಡೆಯ ಚಾರ್ಜರ್‌ಗೆ ಅಂತ ಮಾಡಿದ್ದು. ಒಳಗೆ ಬರುವ ವೋಲ್ಟೇಜ್ ಕುಸಿದರೆ, ಚಾರ್ಜರ್ ಚಿಕ್ಕದು, ಪಾಪ, ಅದಕ್ಕೆ ಇಷ್ಟೇ ಶಕ್ತಿ ಅಂತ ತೀರ್ಮಾನಿಸಿ ತಾನು ಎಳೆಯುವ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಗೋಡೆಯ ಚಾರ್ಜರ್ ಇದ್ದಕ್ಕಿದ್ದಂತೆ ದೊಡ್ಡದಾಗುವುದಿಲ್ಲವಲ್ಲ, ಹಾಗಾಗಿ ಮತ್ತೆ ಕೇಳಿ ನೋಡುವ ಗೋಜಿಗೇ ಹೋಗುವುದಿಲ್ಲ. ವೈರ್ ಕೀಳುವ ತನಕ ಅದೇ ಮುನಿಸು. ಹತ್ತೂವರೆಗೆ ಒಂದು ತುಂಡು ಮೋಡ ಹಾದುಹೋದರೆ ಸಾಕು, ಆ ದಿನ ಮುಗಿಯಿತು.

ಹಾಗಾದರೆ ವೈರ್ ಕೀಳುವ ಯಂತ್ರ ಮಾಡಿದರಾಯಿತು ಅಲ್ವಾ? ಮಾಡಿದೆ. ಒಂದು ನ್ಯಾನೋ ಬೋರ್ಡ್ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್), ಒಂದು ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್), ಐದು ನಿಮಿಷಕ್ಕೊಮ್ಮೆ ಎರಡು ಸೆಕೆಂಡ್ ಕರೆಂಟ್ ಕಡಿದು ಮತ್ತೆ ಕೊಡುವುದು. ಅಮ್ಮನ ಕೆಲಸ ಕಸಿದುಕೊಂಡ ಯಂತ್ರ. ಬಿಸಿಲಲ್ಲಿ ಚೆನ್ನಾಗಿಯೇ ನಡೆಯಿತು. ದಪ್ಪ ಮೋಡ ಬಂದಾಗ ನ್ಯಾನೋಗೇ ವೋಲ್ಟೇಜ್ ಸಾಲದೆ ಅದು ಸತ್ತು ಹುಟ್ಟಿ, ಸತ್ತು ಹುಟ್ಟಿ, ಬ್ಯಾಂಕ್‌ನ ದೀಪಗಳು ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಥರ ಮಿನುಗತೊಡಗಿದವು. ಇದನ್ನು ಸರಿ ಮಾಡಬಹುದಿತ್ತು. ಆದರೆ ತಪ್ಪು ಕೇಳುವವನಲ್ಲೇ ಇರುವಾಗ ಕೊಡುವವನಿಗೆ ಎಷ್ಟು ಅಂತ ಪಾಠ ಹೇಳುವುದು?

ಬ್ಯಾಂಕ್ ಬೇಡ, ಪ್ಯಾನೆಲ್‌ನಿಂದ ನೇರ ಸೆಲ್‌ಗೆ ಹೋಗೋಣ ಅಂತ ನಿರ್ಧರಿಸಿದೆ. ಜೇಬಿನ ಹೊಲಿಗೆ ಬ್ಲೇಡಿನಿಂದ ಬಿಚ್ಚಿ, ಒಳಗಿನ ಪುಟ್ಟ ಕನ್ವರ್ಟರ್ ಬೋರ್ಡ್ ಕಿತ್ತು, ಪ್ಯಾನೆಲ್‌ನ ವೈರ್ ಹೊರಗೆಳೆದೆ. ತೆರೆದ ತುದಿಯಲ್ಲಿ 7.4 ವೋಲ್ಟ್, ಶಾರ್ಟ್ ಮಾಡಿದರೆ 2.9 ಆಂಪ್. ಹೆಚ್ಚೆಂದರೆ 16 ವ್ಯಾಟ್‌ನ ಆಸಾಮಿ. ಸೆಲ್ ಅಂದರೆ ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಡಿಸಿದ ನಾಲ್ಕು 18650 (ಉರುಟು ಲಿಥಿಯಂ ಸೆಲ್), ಎಲ್ಲವನ್ನೂ ಒಂದೇ ವೋಲ್ಟೇಜಿಗೆ ತಂದು ಪ್ಯಾರಲಲ್ ಮಾಡಿದ್ದು. ನಡುವೆ ಸಿಎನ್3791 ಚಾರ್ಜರ್ ಬೋರ್ಡ್. ಈ ಚಿಪ್‌ನ ಗುಣ ನನಗೆ ಇಷ್ಟ. ಪ್ಯಾನೆಲ್ ವೋಲ್ಟೇಜ್ ಒಂದು ಗೆರೆಗಿಂತ ಕೆಳಗಿಳಿಯದಂತೆ ಕರೆಂಟ್ ಅನ್ನು ಆ ಕ್ಷಣಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುತ್ತಲೇ ಇರುತ್ತದೆ. ನೆನಪೂ ಇಲ್ಲ, ಮುನಿಸೂ ಇಲ್ಲ.

6 ವೋಲ್ಟ್ ಪ್ಯಾನೆಲ್‌ನದ್ದು ಬೇಕು ಅಂತ ಸ್ಪಷ್ಟವಾಗಿ ಬರೆದು ತರಿಸಿದೆ. ಒಂಬತ್ತು ದಿನ ಕಾದ ಮೇಲೆ ಬಂತು. ಜೋಡಿಸಿದೆ. ಸೊನ್ನೆ. ಬರೀ ಸೊನ್ನೆ. ಸೋಲ್ಡರ್ ಮೂರು ಸಲ ಬಿಚ್ಚಿ ಹಾಕಿದೆ, ಸೆಲ್ ತಿರುಗಿಸಿ ನೋಡಿದೆ, ನನ್ನ ಜಾತಕವೊಂದನ್ನು ತಿರುಗಿಸಿ ನೋಡಲಿಲ್ಲ. ಕೊನೆಗೆ ಭೂತಗನ್ನಡಿ ಹಿಡಿದು ಆ ಗೆರೆ ಎಲ್ಲಿ ಅಂತ ಹೇಳುವ ಎಂಪಿಪಿಟಿ ಕಾಲಿಗೆ (ಚಿಪ್‌ನ ಒಂದು ಪಿನ್) ಹೋಗುವ ಎರಡು ರೆಸಿಸ್ಟರ್ ಓದಿದರೆ 200 ಕೆ (ಕಿಲೋ ಓಮ್) ಮತ್ತು 22 ಕೆ. ಆ ಕಾಲನ್ನು ಚಿಪ್ 1.205 ವೋಲ್ಟ್‌ನಲ್ಲಿ ಹಿಡಿದಿಡುತ್ತದೆ. ಲೆಕ್ಕ ಹಾಕಿದರೆ ಗೆರೆ 12.16 ವೋಲ್ಟ್! ಕಳಿಸಿದ್ದು 12 ವೋಲ್ಟ್ ಬೋರ್ಡ್. ನನ್ನ ಪ್ಯಾನೆಲ್ ಏಳೂವರೆ ದಾಟುವುದಿಲ್ಲ, ಬೋರ್ಡ್ ಹನ್ನೆರಡಕ್ಕೆ ಕಾಯುತ್ತ ಕೂತಿದೆ. ಅಂಗಡಿಯವನಿಗೆ ಬರೆದರೆ "ಎರಡೂ ಒಂದೇ ಸರ್" ಅಂತ ಉತ್ತರ. ಒಂದೇ ಆದರೆ ಎರಡು ಯಾಕೆ ಮಾರುತ್ತೀಯಪ್ಪ?

ಎಳ್ಳು ಕಾಳಿನಷ್ಟಿರುವ ಆ 200 ಕೆ ಕಿತ್ತು 91 ಕೆ ಕೂರಿಸಿದೆ. ಗೆರೆ 6.19 ವೋಲ್ಟ್. ಬೆಳಿಗ್ಗೆ ಹತ್ತಕ್ಕೆ 2.1 ಆಂಪ್, ಕುಣಿದಾಡಿದೆ. ಮಧ್ಯಾಹ್ನ ಹನ್ನೆರಡೂವರೆಗೆ 1.3! ಬಿಸಿಲು ಜಾಸ್ತಿಯಾದಷ್ಟೂ ಕರೆಂಟ್ ಕಡಿಮೆ. ಪ್ಯಾನೆಲ್ ಮೇಲೆ ಕೈಯಿಟ್ಟೆ, ತಕ್ಷಣ ಹಿಂದಕ್ಕೆಳೆದೆ. ದೋಸೆ ಹುಯ್ಯಬಹುದಿತ್ತು. ಸಿಲಿಕಾನ್ ಸೆಲ್ ಬಿಸಿಯಾದಂತೆ ವೋಲ್ಟೇಜ್ ಬೀಳುತ್ತದೆ, ಮತ್ತು ಪೆಟ್ಟಿಗೆಯ ಮೇಲಿನ ಅಂಕಿಗಳೆಲ್ಲ ಸೆಲ್ 25 ಡಿಗ್ರಿ ಇದ್ದಾಗಿನದ್ದು. 60 ಡಿಗ್ರಿಗೆ ಹೋದರೆ ಆರೂಕಾಲು ವೋಲ್ಟ್‌ನಲ್ಲಿ ದುಡಿಯುವ ಪ್ಯಾನೆಲ್ ಐದೂವರೆಯ ಆಸುಪಾಸಿಗೆ ಬಂದಿರುತ್ತದೆ. ನಾನು ಹಾಕಿದ ಗೆರೆ ಅದಕ್ಕೆ ಎಟುಕುತ್ತಿಲ್ಲ. 91 ತೆಗೆದು 75 ಕೆ, ಗೆರೆ 5.31. ಈಗ ನಡುಮಧ್ಯಾಹ್ನ 2.4 ಆಂಪ್, ಅದು ಬೋರ್ಡ್‌ನ ಮಿತಿ, ಪ್ಯಾನೆಲ್‌ನದ್ದಲ್ಲ. ಬೆಳಿಗ್ಗೆಯ ತಂಪಿನಲ್ಲಿ ಸ್ವಲ್ಪ ನಷ್ಟ ಆಗುತ್ತದೆ, ಆಗಲಿ. ನಮ್ಮಲ್ಲಿ ಮಂಜು ಬಿಡುವಷ್ಟರಲ್ಲಿ ಹೇಗೂ ಒಂಬತ್ತು ಗಂಟೆ.

ನಿನ್ನೆ ಕನಿಷ್ಠ ಇಪ್ಪತ್ತು ಮೋಡ ಎಣಿಸಿದೆ. ಕರೆಂಟ್ 0.4ಕ್ಕೆ ಬಿತ್ತು, 2.3ಕ್ಕೆ ಎದ್ದಿತು, ಮತ್ತೆ ಬಿತ್ತು, ಮತ್ತೆ ಎದ್ದಿತು. ಎರಡೂವರೆಗೆ ನಾಲ್ಕೂ ಸೆಲ್ ಭರ್ತಿ, 4.19 ವೋಲ್ಟ್. ಅಮ್ಮ ಪ್ಯಾನೆಲ್ ಮುಟ್ಟಲಿಲ್ಲ.

ಈಗ ಅಮ್ಮನಿಗೆ ಆಸೆ ಹುಟ್ಟಿದೆ. ರಾತ್ರಿ ಅಡಿಕೆ ಸುಲಿಯುವಾಗ ಕರೆಂಟ್ ಹೋದರೆ ಎಲ್ಲರಿಗೂ ಕಾಣುವಂಥ ಒಂದು ಎಲ್‌ಇಡಿ ಸಾಲು ಬೇಕಂತೆ, ಮೆಟ್ಟುಗತ್ತಿ ಮುಂದೆ ಕೂತವರ ಕೈಗೆ ನೆರಳು ಬೀಳಬಾರದಂತೆ. ಮುಂದಿನ ಕೆಲಸ ಅದೇ. ಅದಕ್ಕೆ 12 ವೋಲ್ಟ್ ಬೇಕು, ನಾಲ್ಕು ಎಲ್‌ಎಫ್‌ಪಿ (ಇನ್ನೊಂದು ಬಗೆಯ ಲಿಥಿಯಂ) ಸೆಲ್ ಸರಣಿ ಮಾಡುವುದೋ, ಇದೇ ಪ್ಯಾಕ್‌ಗೆ ವೋಲ್ಟೇಜ್ ಏರಿಸುವ ಬೂಸ್ಟ್ ಬೋರ್ಡ್ ಹಾಕುವುದೋ ಇನ್ನೂ ಗೊತ್ತಿಲ್ಲ. ಮಳೆಗಾಲದ ಮಾತು ಮಾತ್ರ ಎತ್ತಬೇಡಿ. ನಮ್ಮಲ್ಲಿ ಕರೆಂಟ್ ವಾರಗಟ್ಟಲೆ ಹೋಗುವುದು ಜುಲೈನಲ್ಲಿ, ಬಿಸಿಲು ಹೋಗುವುದೂ ಆಗಲೇ.

ಒಂದು ಹೊಸ ತಲೆನೋವೂ ಶುರುವಾಗಿದೆ. ಈ ಬೋರ್ಡ್ ಸೆಕೆಂಡಿಗೆ ಸುಮಾರು 3 ಲಕ್ಷ ಸಲ ಸ್ವಿಚ್ ಆಗುತ್ತದೆ, ಅದರ ಮರಿ ಅಲೆಗಳು ಹೋಗಿ ಬೀಳುವುದು ಮೀಡಿಯಂ ವೇವ್‌ಗೆ. ಜಗಲಿಯಲ್ಲಿ ಅಜ್ಜನ ರೇಡಿಯೋ ಹಾಕಿದರೆ ಒಂದೇ ಸಮನೆ ಗುಂಯ್. ವೈರ್‌ಗೆ ಹಾಕಿ ಈ ಗದ್ದಲ ತಗ್ಗಿಸುವ ಫೆರೈಟ್ ಉಂಗುರ ತರಿಸಿದ್ದೇನೆ, ಈ ಸಲ ಬೇರೆ ಅಂಗಡಿಯಿಂದ. ಅದು ಬರುವ ತನಕ ಮಧ್ಯಾಹ್ನದ ವಾರ್ತೆಯ ಹೊತ್ತಿಗೆ ಅಜ್ಜ ಒಂದು ಸಲ ಕೆಮ್ಮುತ್ತಾರೆ, ನಾನು ಹೋಗಿ ಪ್ಯಾನೆಲ್ ಮಡಚಿ ಬರುತ್ತೇನೆ.