ಮಣ್ಣಿಗಿಳಿದ 800: ಮೂರನೇ ತಿಂಗಳ ಕೆಲಸ

ಕಳೆದ ಭಾನುವಾರ ಕೊನೆಗೂ ಮಣ್ಣಿನ ದಾರಿಯ ಗೇರುಮರದ ತಿರುವಿನಲ್ಲಿ ನನ್ನ ಮಾರುತಿ 800 ಕಾರು ಹೇಳಿದ ಮಾತು ಕೇಳಿತು. ಇಷ್ಟು ದಿನ ಅಲ್ಲಿ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಮೂತಿ ಹೊರಕ್ಕೇ ಹೋಗುತ್ತಿತ್ತು, ಇಂಜಿನ್ ಸುಮ್ಮನೆ ಅರಚುತ್ತಿತ್ತು. ಎಳೆತ ಸಾಲದು ಎಂದುಕೊಂಡು ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಎರಡು ವಾರ ಕಳೆದೆ. ಕೊನೆಗೆ ನೋಡಿದರೆ ಸರಿಮಾಡಬೇಕಾಗಿದ್ದದ್ದು ಹಿಂದಿನ ಸ್ಪ್ರಿಂಗ್. ಆ ದಾರಿ ತೋರಿಸಿದ್ದು ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ಹೇಳುವ ಆರ್‌ಪಿಎಂ ಮೀಟರ್, ಅದೂ ಮೀಟರನ್ನೇ ಮೊದಲು ತಿದ್ದಿಕೊಂಡ ಮೇಲೆ.

ಕಾರು ಹಳೇ ಕಾರ್ಬ್ಯುರೇಟರ್ ಮಾರುತಿ 800: 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರ್, 12 ಇಂಚಿನ ಚಕ್ರ. ಕಾರನ್ನು ಎಳೆಯುವುದು ಮುಂದಿನ ಎರಡು ಚಕ್ರ. ಓಡಿಸುವುದು ಉಡುಪಿ ಬಳಿಯ ಹಿರಿಯಡ್ಕದಾಚೆ ಪರಿಚಯದವರ ಪದವಿನಲ್ಲಿ (ಎತ್ತರದ ಬಯಲಿನಲ್ಲಿ), ಅವರ ಒಪ್ಪಿಗೆ ಪಡೆದು, ಹೆಲ್ಮೆಟ್ ಹಾಕಿಕೊಂಡು. ಒಂದು ಸುತ್ತಿಗೆ ಸುಮಾರು 400 ಮೀಟರ್. ಮುರಕಲ್ಲಿನ ನೆಲ. ಮಳೆ ನಿಂತ ಹೊಸತರಲ್ಲಿ ಹುಲ್ಲಿನ ಬೇರು ಮಣ್ಣನ್ನು ಹಿಡಿದಿಟ್ಟಿರುತ್ತದೆ. ಡಿಸೆಂಬರ್ ಬಂತೆಂದರೆ ಗಟ್ಟಿ ಕಲ್ಲಿನ ಮೇಲೆ ಗೋಲಿಯಂಥ ಹರಳು ಹರಡಿಕೊಳ್ಳುತ್ತದೆ. ಬೆಳಿಗ್ಗೆ ಇಬ್ಬನಿಯಲ್ಲಿ ಟಯರ್ ಹಿಡಿದ ಜಾಗ ಹತ್ತು ಗಂಟೆಯ ಬಿಸಿಲಿಗೆ ಜಾರತೊಡಗುತ್ತದೆ. ಹಾಗಾಗಿ ನಾನು ಬರೆದಿಡುವ ಸಮಯಗಳೆಲ್ಲ ಬೆಳಿಗ್ಗೆ ಏಳರಿಂದ ಎಂಟರ ಒಳಗಿನವು. ಇಲ್ಲದಿದ್ದರೆ ಒಂದನ್ನು ಇನ್ನೊಂದಕ್ಕೆ ಹೋಲಿಸಿ ಪ್ರಯೋಜನವಿಲ್ಲ.

ನನ್ನ 800ರಲ್ಲಿ ಆರ್‌ಪಿಎಂ ಮೀಟರ್ ಇರಲಿಲ್ಲ. ಹೊರಗಿನದೊಂದು ತಂದು ಇಗ್ನಿಷನ್ ಕಾಯಿಲ್‌ಗೆ ತಂತಿ ಎಳೆದಿದ್ದೆ; ಅದು ಇಂಜಿನ್ನಿನ ಕಿಡಿಗಳನ್ನು ಎಣಿಸಿ ಸುತ್ತು ತೋರಿಸುತ್ತದೆ. ಎರಡನೇ ಗೇರಿನಲ್ಲಿ 4500ರವರೆಗೆ ಎಳೆದು ಮೂರಕ್ಕೆ ಹಾಕುತ್ತಿದ್ದೇನೆ ಎಂದೇ ನಂಬಿದ್ದೆ. ಕಟಪಾಡಿಯಲ್ಲಿ ಗ್ಯಾರೇಜ್ ಇಟ್ಟಿರುವ ಭಾವ, ಅಕ್ಕನ ಗಂಡ, ಒಂದು ದಿನ ನೋಡಲು ಬಂದವರು ಎರಡು ಸುತ್ತು ಶಬ್ದ ಕೇಳಿ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಎಷ್ಟು ತೋರಿಸ್ತದೆ ಅದು?"

"ನಾಲ್ಕೂವರೆ ಸಾವಿರ, ಭಾವ."

"ಸಾಧ್ಯವೇ ಇಲ್ಲ ಮಾರಾಯ. ಇದು ಆರು ಸಾವಿರದ ಶಬ್ದ."

ಸಂಜೆ ಅವರ ಗ್ಯಾರೇಜಿನ ಅಂಗಳದಲ್ಲೇ ಪರೀಕ್ಷೆ ಮಾಡಿದೆವು. ಇಂಜಿನ್ ಹಗುರಾಗಿ ತಿರುಗಲೆಂದು ಸ್ಪಾರ್ಕ್ ಪ್ಲಗ್ ಮೂರನ್ನೂ ಕಳಚಿ, ಎರಡನೇ ಗೇರಿಗೆ ಹಾಕಿ, ಟಯರಿಗೊಂದು, ಇಂಜಿನ್ ಜೊತೆಗೇ ತಿರುಗುವ ಕ್ರ್ಯಾಂಕ್ ಪುಲ್ಲಿಗೊಂದು ಸೀಮೆಸುಣ್ಣದ ಗೆರೆ ಎಳೆದೆವು. ನಾನು ಹಿಂದಿನಿಂದ ಮೆಲ್ಲ ದೂಡುವುದು, ಭಾವ ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕಾರಿನ ಜೊತೆ ಸರಿಯುತ್ತ ಪುಲ್ಲಿಯ ಗೆರೆ ಎಣಿಸುವುದು. ಟಯರ್ ಒಂದು ಸುತ್ತು ಹಾಕಿ ಗೆರೆ ಮತ್ತೆ ನೆಲಕ್ಕೆ ಬರುವಷ್ಟರಲ್ಲಿ ಕಾರು 1.6 ಮೀಟರ್ ಸರಿದಿತ್ತು, ಪುಲ್ಲಿ ಒಂಬತ್ತೂವರೆಗೆ ಚೂರು ಕಡಿಮೆ ಸುತ್ತು ಹಾಕಿತ್ತು. ಮೂರನೇ ಗೇರಿನಲ್ಲಿ ಆರಕ್ಕೆ ಚೂರು ಕಡಿಮೆ. ಇದನ್ನು ಒಂದೇ ಚಕ್ರ ಜಾಕ್ ಏರಿಸಿ ಮಾಡಬಾರದು. ಒಂದು ಚಕ್ರ ನೆಲ ಕಚ್ಚಿ ನಿಂತಿದ್ದರೆ ಡಿಫರೆನ್ಷಿಯಲ್ (ಇಂಜಿನ್ನಿನ ಸುತ್ತನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರ್) ಅದರ ಪಾಲನ್ನೂ ಇನ್ನೊಂದಕ್ಕೇ ಕೊಡುತ್ತದೆ, ಮೇಲಿರುವ ಚಕ್ರ ಎರಡರಷ್ಟು ಸುತ್ತುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಲೆಕ್ಕ ಹಾಕಿದರೆ ಎರಡನೇ ಗೇರಿನಲ್ಲಿ 50 ಕಿ.ಮೀ. ವೇಗಕ್ಕೆ 4900 ಆರ್‌ಪಿಎಂ ಬೇಕು. ಮೊಬೈಲ್ ಜಿಪಿಎಸ್ 50 ತೋರಿಸಿದಾಗ ಮೀಟರ್ ಮುಳ್ಳು ಇದ್ದದ್ದು 3700ರ ಹತ್ತಿರ. ಚಕ್ರ ಜಾರಿದ್ದರೆ ಮೀಟರ್ ಹೆಚ್ಚು ತೋರಿಸಬೇಕಿತ್ತು; ಕಡಿಮೆ ತೋರಿಸಿದರೆ ದೋಷ ಮೀಟರಿನದೇ. ತಿರುಗಿಸಿ ನೋಡಿದರೆ ಹಿಂಬದಿಯ ಸ್ವಿಚ್ಚಿನಲ್ಲಿ 4, 6, 8 ಸಿಲಿಂಡರ್ ಮಾತ್ರ ಇದೆ, 3 ಇಲ್ಲ; ನಾನು ಇಟ್ಟಿದ್ದದ್ದು 4ಕ್ಕೆ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡು ಕಿಡಿ ಕೊಡುತ್ತದೆ, ಮೂರರದ್ದು ಒಂದೂವರೆ. ಅಂದರೆ ಮುಳ್ಳು ತೋರಿಸುವುದು ನಿಜದ ಮುಕ್ಕಾಲು ಪಾಲು. ನನ್ನ 4500, ಭಾವನ ಕಿವಿ ಹೇಳಿದ ಹಾಗೆಯೇ 6000. ಈ ಇಂಜಿನ್ನಿನ ಗರಿಷ್ಠ ಶಕ್ತಿ ಸಿಗುವುದು ಅದಕ್ಕಿಂತ ಕೆಳಗೇ. ಅದನ್ನು ದಾಟಿ ಎಳೆದದ್ದೆಲ್ಲ ಬರೀ ಶಬ್ದ, ಬರೀ ಸವೆತ.

ಮುಳ್ಳನ್ನು ಸರಿಯಾಗಿ ಓದಲು ಕಲಿತ ಮೇಲೆ ಮೊಬೈಲನ್ನು ಜಿಪಿಎಸ್ ವೇಗ ಕಾಣುವಂತೆ ಮೀಟರಿನ ಪಕ್ಕ ಕಟ್ಟಿ, ಇನ್ನೊಂದು ಫೋನಿನಲ್ಲಿ ಎರಡನ್ನೂ ವಿಡಿಯೋ ಮಾಡಿದೆ. ಗೇರುಮರದ ತಿರುವಿನಿಂದ ಹೊರಬರುವಾಗ ವೇಗ 36, ಮುಳ್ಳು 3600, ಅಂದರೆ ನಿಜಕ್ಕೆ 4800. ಎರಡನೇ ಗೇರಿನಲ್ಲಿ ಆ ವೇಗಕ್ಕೆ 3500 ಸಾಕು! ಉಳಿದ 1300 ಸುತ್ತು ಹೋದದ್ದೆಲ್ಲಿಗೆ? ತಿರುವಿನಲ್ಲಿ ಭಾರ ಹೊರಗಿನ ಚಕ್ರಕ್ಕೆ ಹೋಗುತ್ತದೆ, ಒಳಗಿನ ಮುಂದಿನ ಚಕ್ರ ಹಗುರಾಗಿ ಸುಮ್ಮನೆ ಸುತ್ತುತ್ತದೆ. ಇಂಜಿನ್ನಿಗೆ ತಿಳಿಯುವುದು ಎರಡು ಚಕ್ರಗಳ ಸರಾಸರಿ. ಹೊರಗಿನದು 36ರಲ್ಲೇ ಉರುಳುತ್ತಿದೆ ಎಂದುಕೊಂಡರೆ ಒಳಗಿನದು 60 ದಾಟಿದೆ ಎಂದಾಯಿತು. ಇಂಥ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲವನ್ನೇ ಕೊಡುವುದರಿಂದ, ಸುಮ್ಮನೆ ಸುತ್ತುವ ಚಕ್ರ ಎಷ್ಟು ಎಳೆಯಬಲ್ಲದೋ ಹೊರಗಿನದಕ್ಕೂ ಅಷ್ಟೇ ದಕ್ಕುತ್ತದೆ. ಕಾರ್ಬ್ಯುರೇಟರಿಗೆ ಎಷ್ಟು ಕೈ ಹಾಕಿದರೂ ಇದು ಹೋಗುವುದಲ್ಲ.

ಕಾರು ವಾಲದಂತೆ ತಡೆಯುವ ಮುಂದಿನ ಸ್ಟೆಬಿಲೈಸರ್ ಬಾರ್ ತೆಗೆದರೆ ಒಳಗಿನ ಚಕ್ರ ನೆಲಕ್ಕೆ ಒತ್ತೀತು ಎಂಬ ಯೋಚನೆ ಬಂತು. 800ರಲ್ಲಿ ಅದು ಸಾಧ್ಯವಿಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಹಿಂದೆ ಮುಂದೆ ಓಡದಂತೆ ಹಿಡಿದಿರುವುದೇ ಆ ಬಾರ್. ತೆಗೆದರೆ ಚಕ್ರ ಜಾಗದಲ್ಲಿ ನಿಲ್ಲುವುದಿಲ್ಲ. ದಯವಿಟ್ಟು ಯಾರೂ ಪ್ರಯತ್ನಿಸಬೇಡಿ. ಅದರ ಬುಷ್ ನೋಡಿದರೆ ರಬ್ಬರ್ ಸವೆದು ಬಾರ್ ಕೈಯಲ್ಲೇ ಆಡುತ್ತಿತ್ತು. ಆಕ್ಸಿಲರೇಟರ್ ಒತ್ತಿದಾಗೆಲ್ಲ ಸ್ಟೇರಿಂಗ್ ಒಂದು ಬದಿಗೆ ಜಗ್ಗುತ್ತಿದ್ದುದರ ಕಾರಣ ಅಲ್ಲೇ ಸಿಕ್ಕಿತು. ಹೊಸ ಬುಷ್ ಹಾಕಿದೆವು.

ಮುಂದೆ ಸಡಿಲಿಸಲಾಗದಿದ್ದರೆ ಹಿಂದೆ ಬಿಗಿಮಾಡುವುದು. ಕಾರು ವಾಲುವುದನ್ನು ಹಿಂಭಾಗ ಹೆಚ್ಚು ತಡೆದರೆ ಒಳಗಿನ ಹಿಂದಿನ ಚಕ್ರ ಹಗುರಾಗುತ್ತದೆ, ಒಳಗಿನ ಮುಂದಿನದಕ್ಕೆ ಭಾರ ಉಳಿಯುತ್ತದೆ. ಹಿಂದಿನ ಚಕ್ರ ಎಳೆಯುವುದಿಲ್ಲವಲ್ಲ, ಅದು ಹಗುರಾದರೆ ನಷ್ಟವಿಲ್ಲ. ಸ್ಪ್ರಿಂಗ್ ಕತ್ತರಿಸುವ ಸಲಹೆಯೂ ಬಂತು. ಕತ್ತರಿಸಿದರೆ ಕಾರು ತಗ್ಗುತ್ತದೆ, ಪದವಿನ ಕಲ್ಲಿಗೆ ಸೈಲೆನ್ಸರ್ ಉಳಿಯುವುದಿಲ್ಲ. ಬದಲಿಗೆ ಅಂಗಡಿಯಲ್ಲಿ ಸಿಗುವ ರಬ್ಬರ್ ಬಫರ್‌ಗಳನ್ನು ಹಿಂದಿನ ಎರಡೂ ಸ್ಪ್ರಿಂಗ್‌ಗಳ ಸುತ್ತುಗಳ ನಡುವೆ ಸಿಕ್ಕಿಸಿದೆವು. ಹಿಂದಿನ ಟಯರಿನ ಗಾಳಿ 28ರಿಂದ 34 ಪೌಂಡಿಗೆ ಏರಿಸಿ, ಮುಂದಿನದು 26ಕ್ಕೆ ಇಳಿಸಿದೆ. ಇನ್ನೂ ಇಳಿಸಿದರೆ ಹರಳಿಗೆ ರಿಮ್ ಬಾಗುತ್ತದೆ.

ಭಾನುವಾರ ಅದೇ ತಿರುವು: ವೇಗ 38, ಮುಳ್ಳು 2900, ನಿಜಕ್ಕೆ 3870. ಬೇಕಿದ್ದುದು 3700. ಚಕ್ರ ಜಾರುವುದು ನಿಂತೇ ಹೋಗಿದೆ ಎನ್ನಬಹುದು. ಸುತ್ತಿನ ಸಮಯ 38.6 ಸೆಕೆಂಡಿನಿಂದ 36.9ಕ್ಕೆ ಬಂತು. ಸಮಯಕ್ಕಿಂತ ನನಗೆ ಖುಷಿ ಕೊಟ್ಟದ್ದು ಶಬ್ದ. ಅರಚುವುದು ಹೋಗಿ ಇಂಜಿನ್ ತುಂಬಿದ ದನಿಯಲ್ಲಿ ಎಳೆಯಿತು.

ಅಮೆರಿಕದ ಮಣ್ಣಿನ ಟ್ರ್ಯಾಕಿನ ಸ್ಪ್ರಿಂಟ್ ಕಾರುಗಳ ಬಗ್ಗೆ ಓದಿದ್ದು ಈಗ ಸರಿಯಾಗಿ ಅರ್ಥವಾಗುತ್ತಿದೆ. ತೂಕ ಹೆಚ್ಚುಕಡಿಮೆ ನನ್ನ 800ರಷ್ಟೇ, ಶಕ್ತಿ 800 ಕುದುರೆಗೂ ಮೇಲೆ. ಅವುಗಳಲ್ಲಿ ನಮ್ಮಂತೆ ಗೇರ್ ಬಾಕ್ಸ್ ಇಲ್ಲ. ಹಿಂದಿನ ಆಕ್ಸಲ್ಲಿನ ಗೇರ್ ಜೋಡಿಯನ್ನು ಆ ದಿನದ ಟ್ರ್ಯಾಕಿಗೆ ತಕ್ಕಂತೆ ಕೆಲವೇ ನಿಮಿಷಗಳಲ್ಲಿ ಬದಲಿಸುತ್ತಾರೆ. ತಿರುವಿನಲ್ಲಿ ಆರ್‌ಪಿಎಂ ಎಲ್ಲಿರಬೇಕು ಎಂಬುದು ಓಟಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ.

ಈ ಪದವಿನಲ್ಲಿ ನನಗಿರುವ ಆಯ್ಕೆ ಎರಡನೇ ಮತ್ತು ಮೂರನೇ ಗೇರ್ ಮಾತ್ರ. ಹೊಳೆಬದಿಯ ಅಗಲ ತಿರುವನ್ನು ಈಗ ಮೂರರಲ್ಲೇ 40ರ ವೇಗಕ್ಕೆ ತೆಗೆಯುತ್ತೇನೆ. ಅಲ್ಲಿ ಇಂಜಿನ್ 2400ರಲ್ಲಿರುತ್ತದೆ, ಟಾರ್ಕ್ (ತಿರುಗಿಸುವ ಬಲ) ಚೆನ್ನಾಗಿ ಸಿಗುವ ಜಾಗ. ಗೇರುಮರಕ್ಕೆ ಎರಡೇ ಸರಿ: ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಇಂಜಿನ್ ಮುಂದಿನ ಚಕ್ರಗಳನ್ನು ಹಿಡಿಯುತ್ತದೆ, ಭಾರ ಮೂತಿಗೆ ಬರುತ್ತದೆ, ಹಿಂಭಾಗ ತಾನಾಗಿ ಸುತ್ತಿಕೊಳ್ಳುತ್ತದೆ. ಮೂರರಲ್ಲಿ ಆ ಹಿಡಿತ ಸಾಲದು.

ಬಫರ್ ಹಾಕಿದ ಮೇಲೆ ಉಬ್ಬಿನಲ್ಲಿ ಹಿಂಭಾಗ ಎಗರುತ್ತಿದೆ. ಬಲಗಡೆ ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಬಿಡುತ್ತಿದೆ. ಎರಡೂ ಬದಿಗೆ ಹೊಸತು ತರಿಸಬೇಕು. ಭಾವ ಗುರುವಾರ ಬಿಡುವು ಮಾಡಿಕೊಳ್ಳುತ್ತೇನೆಂದಿದ್ದಾರೆ.